ಜಪಾನಿನ ಎಮ್ಮಿ

ಹಗರಿಬೊಮ್ಮನಹಳ್ಳಿಯ ಆ ಓಣಿಗೆಲ್ಲ ಇದ್ದದ್ದು ಒಂದೇ ಫೋನು, ಅದೂ ತಿಪ್ಪೇರುದ್ರಮ್ಮನ ಮನೆಯಲ್ಲಿ. ಆಕೆಗೆ ಬಲಗಿವಿ ಮಂದ. ಆದರೂ ರಿಸೀವರನ್ನು ಬಲಗಿವಿಗೇ ಹಿಡಿಯುತ್ತಿದ್ದಳು. ಎಡಗಿವಿ ಓಣಿಯ ಸುದ್ದಿಗೆ ಬೇಕಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಸಮಾಜ ಪಾಠದ ಮೇಷ್ಟ್ರು ಪಾಲಾಕ್ಷಪ್ಪ ಅರ್ಧ ಗಡ್ಡ ಹೆರೆದಿದ್ದಾಗ ಆಕೆ ಕಾಂಪೌಂಡಿನ ಮೇಲಿಂದ ತಲೆ ಹಾಕಿದಳು.

"ಮೇಷ್ಟ್ರ, ಫೋನ್ ಬಂದಿತ್ತು. ಹನ್ನೊಂದರ ಹೊಸಪೇಟಿ ಬಸ್ಸಿಗೆ ಎಮ್ಮಿ ಬರ್ತತಂತ. ಚೆಂದಾಗಿ ನೋಡ್ಕೊಳ್ರಿ ಅಂದ್ರು."

"ಎಲ್ಲಿಯ ಎಮ್ಮಿ?"

"ಜಪಾನಿಂದಂತ."

ಹೆಂಡತಿ ಅನ್ನದಾನಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಹಂಪಸಾಗರದ ಅವಳ ತಮ್ಮ ಹಂಪೇಶ ಅಕ್ಕನ ಮಗಳ ನಾಮಕರಣದಲ್ಲಿ ಒಂದು ಎಮ್ಮೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದ. ಆ ಕೂಸು ಈಗ ಮೂರನೇ ಕ್ಲಾಸು. ಇಲ್ಲಿಯತನಕ ತಿಪ್ಪೇರುದ್ರಮ್ಮನ ಹಾಲೇ ಗತಿ. ಆ ಹಾಲಿನ ಲೋಟದಲ್ಲಿ ತಳ ಕಾಣುತ್ತಿತ್ತು.

"ನಮ್ಮ ಹಂಪೇಶ ಮಾತು ಉಳಿಸ್ಕೊಂಡ ನೋಡ್ರಿ," ಎಂದಳು ಅನ್ನದಾನಮ್ಮ, ಕಾಂಪೌಂಡಿನ ಕಡೆಗೆ ಕೇಳುವಂತೆ.

"ಬಸ್ಸಿನ್ಯಾಗ ಎಮ್ಮಿ ಹೆಂಗ ಬರ್ತತಲೇ?" ಎಂದ ಪಾಲಾಕ್ಷಪ್ಪ.

ಎದುರುಮನೆಯ ಎರ್ರೆಪ್ಪ ಬಸ್ ಕಂಡಕ್ಟರಾಗಿ ರಿಟೈರ್ ಆದವನು. ಕೇಳದಿದ್ದರೂ ಉತ್ತರ ಕೊಡುವುದು ಅವನ ರೂಢಿ. "ಜರ್ಸಿ ಆಕಳು ಇಲ್ಲೇನ್ರಿ? ಹಂಗ ಇದು ಜಪಾನಿ ತಳಿ. ಗಿಡ್ಡ ಇರ್ತತಿ. ಸೀಟಿನ ಕೆಳಗ ಕುಂದರ್ತತಿ. ಲಗೇಜ್ ಟಿಕೀಟ್ ಮಾತ್ರ ಹರೀಬೇಕು."

ಪಾಲಾಕ್ಷಪ್ಪ ಜಪಾನಿನ ನಾಲ್ಕು ದೊಡ್ಡ ದ್ವೀಪಗಳ ಹೆಸರು ಬಲ್ಲವನಾಗಿದ್ದ. ಅಲ್ಲಿ ಎಮ್ಮೆ ಇರುವ ಸಂಗತಿ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಆದರೂ ಪಡಸಾಲೆಯ ಪಕ್ಕದ ಸಾಮಾನಿನ ಕೋಣೆ ಖಾಲಿಯಾಯಿತು. ಹುಲ್ಲು ಬಿತ್ತು, ಗೂಟ ಹೂತರು.

ಹನ್ನೊಂದಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಅನ್ನದಾನಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು, ಪಾಲಾಕ್ಷಪ್ಪ ಹೊಸ ಹಗ್ಗ ಹಿಡಿದಿದ್ದ. ಎರ್ರೆಪ್ಪ ಇಳಿಸಿಕೊಳ್ಳಲು ಹಲಗೆ ತಂದಿದ್ದ. ಬಸ್ಸಿನ ಟಾಪಿನ ಮೇಲೆ ಮೆಣಸಿನಕಾಯಿ ಚೀಲ ಬಿಟ್ಟರೆ ಏನೂ ಇರಲಿಲ್ಲ. ಕೊನೆಗೆ ಬಟ್ಟೆಯ ಟೋಪಿ ಹಾಕಿದ, ಪುಟ್ಟ ಆಕಾರದ ಹೆಂಗಸೊಬ್ಬಳು ಇಳಿದು ಹಗ್ಗದವನ ಮುಂದೆ ಸೊಂಟ ಬಾಗಿಸಿದಳು.

"ಪಾರಾಕ್ಷಪ್ಪ ಸಾನ್?" ಎಂದು, ತನ್ನ ಎದೆ ಮುಟ್ಟಿಕೊಂಡು, "ಎಮಿ," ಎಂದಳು. ಆಮೇಲೆ, "ಪುರವೀನ್. ಹಂಪಿ."

ಪಾಲಾಕ್ಷಪ್ಪನಿಗೆ ಹಂಪಿಯಲ್ಲಿ ಗೈಡ್ ಆಗಿರುವ ತನ್ನ ಹಳೆಯ ಶಿಷ್ಯ ಪ್ರವೀಣಕುಮಾರ್ ನೆನಪಾದ. ಬೆಳಗಿನ ಫೋನು ಅವನದು. ಹಗ್ಗ ಕೈಯಿಂದ ಜಾರಿತು.

"ಕಟ್ಟಾಕ ಹೋಗಬ್ಯಾಡ್ರಿ ಮತ್ತ," ಎಂದ ಎರ್ರೆಪ್ಪ.

ಅನ್ನದಾನಮ್ಮ ಹಚ್ಚಿದ ಆರತಿಯನ್ನು ಏನು ಮಾಡಬೇಕೆಂದು ತಿಳಿಯದೆ ಎಮಿಗೇ ಎತ್ತಿದಳು. ಎಮಿ ಕಣ್ಣು ತುಂಬಿಕೊಂಡಳು.

ಮನೆಯಲ್ಲಿ ಪಾಲಾಕ್ಷಪ್ಪ ತನಗೆ ಗೊತ್ತಿದ್ದ ಜಪಾನನ್ನು ಹೊರತೆಗೆದ. "ಹೊಕ್ಕೈಡೊ?" ಆಕೆ ಇಲ್ಲವೆಂದು ಕೈಯಾಡಿಸಿದಳು. "ಕ್ಯೂಶೂ?"

"ಹಾಯ್, ಹಾಯ್," ಎಂದು ತಲೆಯಾಡಿಸಿದಳು. ಹಾಯ್ ಎಂದರೆ ಹೌದು ಎಂಬುದು ಹೀಗೆ ತಿಳಿಯಿತು.

ಆಕೆ ಚೀಲದಿಂದ ಮಕ್ಕಳ ಪುಸ್ತಕಗಳನ್ನು ತೆಗೆದಳು. ಅನ್ನ ಬೇಯಿಸುವ ಮೊಲ, ಕೊಡೆ ಮರೆತ ಕಪ್ಪೆ. ಎಲ್ಲ ಆಕೆಯೇ ಬರೆದ ಚಿತ್ರಗಳು. ಕೊನೆಗೆ ಒಂದು ಬಿಡಿ ಹಾಳೆ. ಅದರಲ್ಲಿ ಕರಿಯ ಪ್ರಾಣಿಯೊಂದಿತ್ತು, ಅದರ ಮೇಲೆ ಕೆಂಪು ಗೀಟು. "ಎಡಿಟರ್ ಸೇ, ದಿಸ್ ಈಸ್ ಕೌ," ಎಂದು ತಲೆ ತಗ್ಗಿಸಿದಳು.

"ಎಮ್ಮಿ ಬರಿಯಾಕ ಎಮಿ ಬಂದಾಳ," ಎಂದು ಪಾಲಾಕ್ಷಪ್ಪ ಹೆಂಡತಿಗೆ ಬಿಡಿಸಿ ಹೇಳಿದ.

"ನಮ್ಮನಿಯಾಗ ಎಮ್ಮಿ ಎಲ್ಲೈತಿ?" ಎಂದಳು ಅನ್ನದಾನಮ್ಮ.

ತಿಪ್ಪೇರುದ್ರಮ್ಮನ ಎಮ್ಮೆಯನ್ನೇ ಬೇಡಿ ತಂದು ಗೂಟಕ್ಕೆ ಕಟ್ಟಿದ್ದಾಯಿತು. ಎಮಿ ನೇರ ಕೊಂಬಿನ ಮುಂದೆ ಹೋಗಿ ಕೂತಳು.

"ಹಾಯ್ತತಿ ಅನ್ರಿ ಆಕಿಗೆ," ಕೊಂಬಿನಿಂದ ತಿವಿದೀತೆಂದು ಹೆದರಿ ತಿಪ್ಪೇರುದ್ರಮ್ಮ ಕೂಗಿದಳು. "ಏಯ್ ತಂಗಿ, ಹಾಯ್ತತಿ, ಹಾಯ್ತತಿ."

"ಹಾಯ್, ಹಾಯ್," ಎಂದು ಎಮಿ ನಗುತ್ತ ಇನ್ನಷ್ಟು ಸರಿದಳು.

"ಗೊತ್ತಿದ್ದೂ ಹೊಕ್ಕಾಳಲ್ಲ," ಎಂದ ಎರ್ರೆಪ್ಪ.

ಆಕೆ ಬಹಳ ಹೊತ್ತು ಏನೂ ಬರೆಯಲಿಲ್ಲ. ಎಮ್ಮೆಯ ಮೂಗಿಗೆ ಅಂಗೈ ಒತ್ತಿ, ಆ ಅಂಗೈ ಮೂಸಿದಳು. ಅದರ ಪಕ್ಕೆಗೆ ಕಿವಿ ಇಟ್ಟು ಮೆಲುಕು ಹಾಕುವ ಸದ್ದು ಕೇಳಿದಳು. ಆಮೇಲೆ ಹಾಳೆಯ ಮೇಲೆ ಹಾಳೆ, ಬರೀ ಮೂಗಿನ ಹೊಳ್ಳೆ. ಎಮ್ಮೆ ಸಿಟ್ಟಾದಾಗಿನ ಹೊಳ್ಳೆ ಬೇರೆ, ಹುಲ್ಲು ಕಂಡಾಗಿನ ಹೊಳ್ಳೆ ಬೇರೆ. ಕಪ್ಪು ಬಣ್ಣಕ್ಕೆ ಬಟ್ಟಲುಗಟ್ಟಲೆ ನೀರು ಬೆರೆಸಿ ತಿಳಿಯಾಗಿಸಿದಳು.

"ತಿಪ್ಪೇರುದ್ರಮ್ಮನ ಹತ್ರ ಕಲ್ತಾಳೇನು?" ಎಂದಳು ಅನ್ನದಾನಮ್ಮ.

ಮಧ್ಯಾಹ್ನ ಮತ್ತೆ ಫೋನು. ಈ ಸಲ ಪಾಲಾಕ್ಷಪ್ಪ ತಾನೇ ಓಡಿದ. ಲೈನಿನಲ್ಲಿ ಯಾರೋ ಕಡಲೆ ಹುರಿಯುತ್ತಿದ್ದಂತಿತ್ತು.

"ಯಾರು, ಪ್ರವೀಣನಾ?"

ಗರಗರ ಎಂದಿತು. ಹೌದೆಂದೇ ತಿಳಿದ.

"...ಎಮ್ಮಿ ಕಳಸ್ತೀನಿ ಅಂದಿದ್ನಲ್ಲ..."

"ಬಂದಾಳಪ್ಪ. ಆರಾಮ ಅದಾಳ."

"...ಹಾಲು..?"

"ಹಾಲು ಒಲ್ಲೆ ಅಂತಾಳ. ಬರೇ ಕರೇ ಚಾ."

ಗರಗರದ ನಡುವೆ ಆ ಕಡೆಯ ದನಿ ತೇಲಿ ಬಂತು. "...ಹಂಗಾರ ಇದನ್ನ ಕಳಿಸ್ಲೋ, ಬ್ಯಾಡೋ? ಟೆಂಪೊ ನಿಂತೈತಿ."

ಇನ್ನೊಬ್ಬಳೂ ಬರುತ್ತಾಳೆಂದು ಪಾಲಾಕ್ಷಪ್ಪ ಬೆವರಿದ. "ಮಾರಾಯ, ಇನ್ನೊಂದು ಬ್ಯಾಡ. ಒಂದಕ್ಕ ನನ್ನ ಹೆಂಡ್ತಿ ಮಾರಿ ಗಂಟು ಹಾಕ್ಯಾಳ. ಬೇಕಾದವ್ರಿಗೆ ಯಾರಿಗಾರ ಕೊಟ್ಟುಬಿಡು."

ಹಾಗೆಂದು ರಿಸೀವರನ್ನು ಮೇಜಿನ ಮೇಲಿಟ್ಟು ಹೊರಟ. ಅದು ಇನ್ನೂ ಮಾತಾಡುತ್ತಿತ್ತು. ತಿಪ್ಪೇರುದ್ರಮ್ಮ ಎತ್ತಿಕೊಂಡಳು. ಈ ಸಲ ಎಡಗಿವಿಗೆ.

ಹೊತ್ತು ಮುಳುಗುವಾಗ ತಿಪ್ಪೇರುದ್ರಮ್ಮನ ಬಾಗಿಲಿಗೆ ಟೆಂಪೊ ಬಂತು. ಕಂಬಳಿಯಷ್ಟು ಕಪ್ಪಾದ ಎಮ್ಮೆಯೊಂದು ಕರುವಿನ ಸಮೇತ ಇಳಿಯಿತು. ಓಣಿಯೆಲ್ಲ ನೋಡುತ್ತಿರುವಾಗಲೇ ಹಾಲು ಕರೆದು, ಆಕೆ ಒಂದು ಚೊಂಬು ತುಂಬಿ ಅನ್ನದಾನಮ್ಮನ ಮುಂದೆ ಹಿಡಿದಳು.

"ನಿಮ್ಮ ತಮ್ಮ ಹಂಪೇಶ ಕಳಿಸಿದ ಎಮ್ಮಿ, ತಗೋರಿ. ನಿಮ್ಮ ಯಜಮಾನ್ರು ಬ್ಯಾಡ, ಬೇಕಾದವ್ರಿಗೆ ಕೊಡು ಅಂದ್ರಂತ. ನನಗ ಬೇಕಿತ್ತು. ನಾಳಿಂದ ಹಾಲು ಗಟ್ಟಿ ಕೊಡ್ತೀನಿ. ರೇಟೂ ಗಟ್ಟಿ ಆಗ್ತತಿ."

ಅನ್ನದಾನಮ್ಮ ಚೊಂಬಿನೊಳಗೆ ನೋಡಿದಳು. ತಳ ಕಾಣಲಿಲ್ಲ. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದಳು.

ಪಾಲಾಕ್ಷಪ್ಪ ಎಮಿಯ ಪಕ್ಕಕ್ಕೆ ಸರಿದ. ದಿನವಿಡೀ ಹೊಳ್ಳೆ ಬರೆದು ಪಳಗಿದ್ದ ಎಮಿ, ಕುಂಚ ಕೆಳಗಿಟ್ಟು ಅನ್ನದಾನಮ್ಮನ ಮೂಗನ್ನೇ ದಿಟ್ಟಿಸುತ್ತಿದ್ದಳು.

"ಹಾಯ್ತಾಳ ಅಂತೀರೇನು?" ಎಂದು ಅವನು ಮೆಲ್ಲಗೆ ಕನ್ನಡದಲ್ಲೇ ಕೇಳಿದ.

ಎಮಿ ಗಂಭೀರವಾಗಿ ತಲೆಯಾಡಿಸಿದಳು.

"ಹಾಯ್," ಎಂದಳು.