ಒಂದೇ ನಿಧಿ ಸಾಕೆಂದ ಸದಸ್ಯೆ

ಬೀವರ್ ಕೊಲ್ಲಿ ಸಹಕಾರ ಉಳಿತಾಯ ಸಂಘದಲ್ಲಿ ಸದಸ್ಯರು ತಮಗೆ ಏನು ಬೇಕೆಂದು ಮೊದಲೇ ತಿಳಿದುಕೊಂಡು ಬರತಕ್ಕದ್ದಲ್ಲ. ಇದು ಬರೆದಿಟ್ಟ ನಿಯಮವಲ್ಲ. ಬರೆದಿಡುವ ಅಗತ್ಯ ಈ ಮೊದಲು ಬಿದ್ದಿರಲಿಲ್ಲ, ಅಷ್ಟೆ. ಕೆನಡಾದ ಸ್ಪ್ರೂಸ್ ಲ್ಯಾಂಡಿಂಗ್ ಪಟ್ಟಣದ ಜನರು ಪ್ರತಿ ಫೆಬ್ರವರಿಯಲ್ಲಿ, ತೆರಿಗೆ ರಿಯಾಯಿತಿಗಾಗಿ ನಿವೃತ್ತಿ ಉಳಿತಾಯಕ್ಕೆ ಹಣ ಕಟ್ಟುವ ಗಡುವು ಹತ್ತಿರವಾದಾಗ, ಬೂಟಿನ ಹಿಮ ಕೊಡವಿ, ಸರದಿಯಲ್ಲಿ ನಿಂತು, ತಮ್ಮ ದುಡ್ಡನ್ನು ಏನು ಮಾಡಬೇಕೆಂದು ನಮ್ಮನ್ನು ಕೇಳುತ್ತಾರೆ. ನಾವು ಹೇಳುತ್ತೇವೆ. ಅವರು ಧನ್ಯವಾದ ಹೇಳಿ ಹೋಗುತ್ತಾರೆ. ಮೂರು ತಲೆಮಾರುಗಳಿಂದ ಈ ವ್ಯವಸ್ಥೆ ಸುಗಮವಾಗಿ ನಡೆದುಬಂದಿದೆ.

ಕಾರ್ಲಾ ಕೊಸ್ಕೆಲಾ ಬಂದದ್ದು ಅಂಥ ಒಂದು ಫೆಬ್ರವರಿಯಲ್ಲಿ. ಆಕೆ ಪುರಸಭೆಯ ಐಸ್ ಹಾಕಿ ಅಂಗಳದ ನೌಕರರು; ಆಟದ ಬಿಡುವಿನಲ್ಲಿ ಮಂಜುಗಡ್ಡೆಯ ನೆಲವನ್ನು ಹೆರೆದು, ನೀರು ಹಾಯಿಸಿ, ನುಣುಪು ಮಾಡುವ ದೊಡ್ಡ ಯಂತ್ರವನ್ನು ಓಡಿಸುತ್ತಿದ್ದರು. ಪುರಸಭೆಯು ಆಕೆಯನ್ನು ಪ್ರತಿ ಶರತ್ಕಾಲದಲ್ಲಿ ಹೊಸದಾಗಿ ನೇಮಿಸಿಕೊಂಡು ವಸಂತದಲ್ಲಿ ಬಿಡುಗಡೆ ಮಾಡುತ್ತಿದ್ದುದರಿಂದ, ಎಷ್ಟು ವರ್ಷ ದುಡಿದರೂ ಆಕೆ ಹೊಸಬರೇ ಆಗಿದ್ದರು. ಹೊಸಬರಿಗೆ ಪಿಂಚಣಿ ಇಲ್ಲ. ತಾಯಿ ತೀರಿಕೊಂಡ ಮೇಲೆ ಮನೆ ಮಾರಿ ಕೈಗೆ ಬಂದ ನಲವತ್ತು ಸಾವಿರ ಡಾಲರು ಆಕೆಯ ಮುಪ್ಪಿಗೆ ಇದ್ದ ಏಕೈಕ ಆಧಾರ. ಆ ಹಣ ನಮ್ಮಲ್ಲೇ, ಉಳಿತಾಯ ಖಾತೆಯಲ್ಲಿ, ಯಾರಿಗೂ ತೊಂದರೆ ಕೊಡದೆ ಮಲಗಿತ್ತು.

"ನಂಗೆ ಆ ಆಲ್-ಇನ್-ಒನ್ ಫಂಡ್ ಬೇಕಿತ್ತು," ಎಂದರು ಕಾರ್ಲಾ. "ನೂರಕ್ಕೆ ಎಂಬತ್ತು ಷೇರು, ಇಪ್ಪತ್ತು ಬಾಂಡ್ ಇರೋದು. ಲೈಬ್ರರೀಲಿ ಹಣ ಹೂಡೋ ಹೊಸಬರಿಗೆ ಅಂತ ಒಂದು ಕ್ಲಾಸ್ ಇತ್ತು, ಅಲ್ಲಿ ಹೇಳಿದ್ರು."

"ಲೈಬ್ರರೀಲಿ," ಎಂದರು ಸಂಘದ ಹಿರಿಯ ಸಲಹೆಗಾರ್ತಿ ಬ್ರೆಂಡಾ ಥಿಬೋ, ಆಸ್ಪತ್ರೆಯ ಹೆಸರು ಕೇಳಿದವರ ಮೆಲುದನಿಯಲ್ಲಿ. "ಮತ್ತೆ ಏನು ಬೇಕಮ್ಮಾ?"

"ಅದೊಂದೇ."

"ಅದೊಂದೇ ಅಂದ್ರೆ, ಅದರ ಜೊತೆಗೆ?"

"ಜೊತೆಗೆ ಏನೂ ಬೇಡ. ಅದರೊಳಗೇ ಎಲ್ಲ ಇದೆಯಂತಲ್ಲ."

ಮಾಹಿತಿಗಾಗಿ ತಿಳಿಸುವುದೇನೆಂದರೆ, ಆಲ್-ಇನ್-ಒನ್ ಎಂಬುದು ಷೇರುಪೇಟೆಯಲ್ಲಿ ಒಂದು ಷೇರಿನಂತೆಯೇ ಕೊಳ್ಳಬಹುದಾದ ನಿಧಿ. ಜಗತ್ತಿನ ಸಾವಿರಾರು ಕಂಪನಿಗಳ ಷೇರುಗಳನ್ನೂ ಒಂದಿಷ್ಟು ಬಾಂಡುಗಳನ್ನೂ ಗೊತ್ತುಪಡಿಸಿದ ಪ್ರಮಾಣದಲ್ಲಿ ಅದು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಪ್ರಮಾಣ ಹೆಚ್ಚುಕಮ್ಮಿಯಾದರೆ ತಾನೇ ಸರಿಪಡಿಸಿಕೊಳ್ಳುತ್ತದೆ. ವರ್ಷಕ್ಕೆ ನೂರು ಡಾಲರಿಗೆ ಸುಮಾರು ಇಪ್ಪತ್ತು ಸೆಂಟ್ ಶುಲ್ಕ. ಕೊಂಡವರು ಮುಂದೆ ಮಾಡಬೇಕಾದದ್ದು ಏನೂ ಇಲ್ಲ. ಈ ಕೊನೆಯ ದೋಷದಿಂದಾಗಿಯೇ ನಮ್ಮ ಸಂಘವು ಅದನ್ನು ಅಪಾಯಕಾರಿ ವಸ್ತುಗಳ ಸಾಲಿಗೆ ಸೇರಿಸಿತ್ತು.

ಬ್ರೆಂಡಾ ಅವರು ಸಹನಾಶಕ್ತಿ ಪರೀಕ್ಷೆಯ ಪ್ರಶ್ನಾವಳಿಯನ್ನು ಮುಂದಿಟ್ಟರು. ಒಂದು ಪ್ರಶ್ನೆ ಹೀಗಿತ್ತು: ನಿಮ್ಮ ಹಣದ ಮೂರನೇ ಒಂದು ಭಾಗ ಒಂದೇ ವರ್ಷದಲ್ಲಿ ಕರಗಿದರೆ ನೀವು ಏನು ಮಾಡುವಿರಿ? ಅ) ಸಲಹೆಗಾರರನ್ನು ಕಾಣುವೆ. ಆ) ಗಾಬರಿಯಿಂದ ಸಲಹೆಗಾರರನ್ನು ಕಾಣುವೆ. ಇ) ಎಲ್ಲವನ್ನೂ ಮಾರಿ, ಅನಂತರ ಸಲಹೆಗಾರರನ್ನು ಕಾಣುವೆ. ಕಾರ್ಲಾ ಮೂರನ್ನೂ ಬಿಟ್ಟು ಪಕ್ಕದ ಖಾಲಿ ಜಾಗದಲ್ಲಿ 'ಸುಮ್ಮನಿರುತ್ತೇನೆ' ಎಂದು ಬರೆದರು.

"ಸುಮ್ನಿರೋದು ಅಂದ್ರೆ ಹೇಗೆ? ಏನು ಮಾಡ್ತಾ ಸುಮ್ನಿರ್ತೀಯ?"

"ಏನೂ ಮಾಡದೆ."

"ಎಷ್ಟು ದಿನ?"

"ಇಪ್ಪತ್ತೈದು ವರ್ಷ ಅಂದ್ಕೊಂಡಿದ್ದೀನಿ."

ಬ್ರೆಂಡಾ ಲೇಖನಿ ಕೆಳಗಿಟ್ಟರು. ಅವರು ಕೆಟ್ಟ ಹೆಂಗಸಲ್ಲ. ಕಾರ್ಲಾ ಅವರ ತಾಯಿಯ ಅಂತ್ಯಕ್ರಿಯೆಗೆ ಎರಡು ಬಗೆಯ ಸ್ಯಾಂಡ್‌ವಿಚ್ ಮಾಡಿ ತಂದಿದ್ದವರು. "ನೋಡು ಮಗಳೇ," ಎಂದರು, "ನಿಂಗೆ ಸಲಹೆ ಬೇಡ ಅಂತ ನೀನು ಹೇಳ್ತಿದ್ದೀಯ. ಆದ್ರೆ ಸಲಹೆ ಬೇಡ ಅನ್ನೋದು ತುಂಬಾ ದೊಡ್ಡ ನಿರ್ಧಾರ. ಸಲಹೆ ಇಲ್ದೆ ಅಂಥ ನಿರ್ಧಾರ ತಗೋಬಾರ್ದು."

ಆ ಸಲಹೆಯ ಶುಲ್ಕವನ್ನು ಅಂದೇ ಖಾತೆಯಿಂದ ಮುರಿದುಕೊಳ್ಳಲಾಯಿತು.

ಪ್ರಕರಣವು, ಹೂಡಿಕೆ ಸದಸ್ಯರಿಗೆ ತಕ್ಕದ್ದೇ ಎಂದು ಪರಿಶೀಲಿಸುವ ಸಂಘದ ಯೋಗ್ಯತಾ ಸಮಿತಿಯ ಮುಂದೆ ಹೋಯಿತು. ಸಮಿತಿಯ ಅಧ್ಯಕ್ಷರಾದ ಡಗ್ಲಸ್ ಮೆಕೆಕರ್ನ್ ಅವರು ಪಟ್ಟಣದಲ್ಲಿ ಹಿಮ ಗುಡಿಸುವ ಯಂತ್ರಗಳ ಮಾರಾಟ ಮಳಿಗೆ ನಡೆಸುವವರು. ಹಣಕಾಸಿನ ವಿಷಯದಲ್ಲಿ ಅವರಿಗೆ ಯಾವ ಪೂರ್ವಗ್ರಹವೂ ಇಲ್ಲ, ಪೂರ್ವಪರಿಚಯವೂ ಇಲ್ಲ. ಅರ್ಜಿ ನೋಡಿದವರೇ ಅವರು ಮುಖ್ಯ ಲೋಪವನ್ನು ಪತ್ತೆಮಾಡಿದರು.

"ಇಲ್ಲಿ ಒಂದೇ ಫಂಡ್ ಇದೆ. ನಮ್ಮ ನಿಯಮದಲ್ಲಿ ಕನಿಷ್ಠ ನಾಲ್ಕು ಇರಬೇಕು. ಹಣ ಹಂಚಿ ಇಡಬೇಕು ಅಂತ."

"ಇದರೊಳಗೆ ಸಾವಿರಾರು ಕಂಪನಿ ಇದೆ ಸರ್," ಎಂದರು ಕಾರ್ಲಾ.

"ಒಳಗೆ ಏನಿದೆ ಅಂತ ಸಮಿತಿ ನೋಡಲ್ಲ. ಅದು ಖಾಸಗಿ ವಿಷಯ. ಹೊರಗಡೆ ಎಷ್ಟು ಹೆಸರಿದೆ ಅಂತಷ್ಟೇ ಎಣಿಸ್ತೀವಿ."

ಹೀಗಾಗಿ ನಾಲ್ಕು ಬೇರೆ ಬೇರೆ ಕಂಪನಿಗಳ ನಾಲ್ಕು ಆಲ್-ಇನ್-ಒನ್ ನಿಧಿಗಳನ್ನು ಆಕೆ ಕೊಳ್ಳಬೇಕೆಂದು ತೀರ್ಮಾನವಾಯಿತು.

"ನಾಲ್ಕರಲ್ಲೂ ಇರೋದು ಅವೇ ಕಂಪನಿಗಳಲ್ವಾ?"

"ಅವೇ. ಆದ್ರೆ ಈಗ ನಾಲ್ಕು ಕಡೆ ಇರ್ತವೆ."

"ಕ್ಷಮಿಸಿ," ಎಂದು ಕಾರ್ಲಾ ಆರಂಭಿಸಿದರು.

ನಮ್ಮ ಜನರು ವಿರೋಧವನ್ನು ಕ್ಷಮೆಯಿಂದ ಆರಂಭಿಸುವವರು. ಬೇರೆಯವರು ತಮ್ಮ ಕಾಲು ತುಳಿದರೂ ಮೊದಲು ಕ್ಷಮೆ ಕೇಳುವವರು ತಾವೇ. ಹಿಂದೆ ಇದರಿಂದ ಸಭೆಗಳ ನಡಾವಳಿ ಬರೆಯುವುದು ಕಷ್ಟವಾಗುತ್ತಿತ್ತು. ಆದ್ದರಿಂದ ಸದಸ್ಯರು ಕ್ಷಮೆ ಕೋರಿದಲ್ಲಿ, ತಪ್ಪು ತಮ್ಮದೇ ಎಂದು ಒಪ್ಪಿಕೊಂಡಿದ್ದಾರೆಂದೂ ಆದಕಾರಣ ನಿರ್ಣಯಕ್ಕೆ ಸಮ್ಮತಿಸಿದ್ದಾರೆಂದೂ ದಾಖಲಿಸತಕ್ಕದ್ದು ಎಂಬ ನಿಯಮವನ್ನು ಸಂಘವು ಅಂಗೀಕರಿಸಿದೆ. ಕಾರ್ಯದರ್ಶಿಗಳು ಹಾಗೆಯೇ ದಾಖಲಿಸಿದರು. ವಾಕ್ಯದ ಉಳಿದ ಭಾಗವನ್ನು ಬರೆದುಕೊಳ್ಳುವ ಅಗತ್ಯ ಕಾಣಲಿಲ್ಲ.

ಅನಂತರ ಮೆಕೆಕರ್ನ್ ಅವರು ಇನ್ನೂ ಗಂಭೀರವಾದ ವಿಷಯವನ್ನು ಎತ್ತಿಕೊಂಡರು. ಈ ನಿಧಿಗಳ ಷೇರುಗಳಲ್ಲಿ ಕಾಲು ಭಾಗ ಮಾತ್ರ ಕೆನಡಾದ್ದು. "ಅದೂ ಏನು? ಟೊರಾಂಟೊ ಬ್ಯಾಂಕುಗಳು, ಆಲ್ಬರ್ಟಾದ ಎಣ್ಣೆ. ನಮ್ಮೂರಿಂದು ಏನಿದೆ ಇದರಲ್ಲಿ?"

"ನಮ್ಮೂರಲ್ಲಿ ಷೇರುಪೇಟೇಲಿರೋ ಕಂಪನಿ ಯಾವುದೂ ಇಲ್ಲ, ಡಗ್," ಎಂದರು ಬ್ರೆಂಡಾ.

"ಅದೇ ನಾನು ಹೇಳ್ತಿರೋದು. ಇಡೀ ಪ್ರಪಂಚಕ್ಕೆ ಜಾಗ ಇದೆ, ನಮಗಿಲ್ಲ. ಟೊರಾಂಟೊದವರು ಯಾವಾಗ್ಲೂ ಮಾಡೋದು ಇದೇ."

ಈ ಐತಿಹಾಸಿಕ ಅನ್ಯಾಯವನ್ನು ಸರಿಪಡಿಸಲು ಕಾರ್ಲಾ ಅವರ ಹಣದ ಅರ್ಧವನ್ನು ಸಂಘದ್ದೇ ಆದ ಹೊಸ 'ಉತ್ತರ ದಡ ಸ್ಥಳೀಯ ಸಮತೋಲನ ನಿಧಿ'ಯಲ್ಲಿ ತೊಡಗಿಸಬೇಕೆಂದು ನಿರ್ಣಯಿಸಲಾಯಿತು. ಅದರ ಶುಲ್ಕ ನೂರಕ್ಕೆ ಎರಡೂವರೆ ಡಾಲರು. ಅದರ ಹಣವನ್ನು ಸದಸ್ಯರು ಅರವತ್ತೈದು ತುಂಬುವ ಮೊದಲು ಹಿಂಪಡೆಯುವಂತಿಲ್ಲ. ಅವರ ಹಿತಕ್ಕಾಗಿಯೇ ಈ ನಿರ್ಬಂಧ. ನಿರ್ಣಯವನ್ನು ಎರಡೂ ರಾಜಭಾಷೆಗಳಲ್ಲಿ ಪ್ರಕಟಿಸಬೇಕಾದ್ದರಿಂದ ಫ್ರೆಂಚ್ ಅನುವಾದವನ್ನು ಸಭೆಗೆ ಮೊದಲೇ ಸಿದ್ಧಪಡಿಸಲಾಗಿತ್ತು. ಹಾಗಾಗಿ ಬೇರೆ ನಿರ್ಣಯ ಕೈಗೊಳ್ಳುವುದು ದುಂದುವೆಚ್ಚವಾಗುತ್ತಿತ್ತು.

ಆ ಭಾನುವಾರ ಕಾಫಿ ಕುಡಿಯುತ್ತ ಕಾರ್ಲಾ ಇದನ್ನೆಲ್ಲ ಅಣ್ಣ ರೈಮೊಗೆ ಹೇಳಿದರು. ರೈಮೊ ಕಾಗದದ ಕಾರ್ಖಾನೆಯ ನೌಕರ.

"ನಿಂಗೆ ಬುದ್ಧಿ ಇದ್ಯೇನೇ?" ಎಂದ ಅವನು. "ಫೋನಲ್ಲೇ ಖಾತೆ ತೆರೀಬಹುದು. ಎರಡು ಸಲ ಒತ್ತಿದ್ರೆ ಫಂಡ್ ನಿಂದು. ನಮ್ಮ ಶಿಫ್ಟಿನ ಹುಡುಗರು ಊಟದ ಬಿಡುವಲ್ಲಿ ಕೊಳ್ತಾರೆ."

"ದುಡ್ಡು ಅಲ್ಲಿಂದ ಹೊರಗೆ ಬರಬೇಕಲ್ಲಣ್ಣ."

"ಕೇಳು. ಕೊಡು ಅನ್ನು."

"ಬ್ರೆಂಡಾಗೆ ಬೇಜಾರಾಗತ್ತೆ. ಅಮ್ಮನ ಮಣ್ಣಿಗೆ ಬಂದಿದ್ಲು."

"ಸ್ಯಾಂಡ್‌ವಿಚ್ ತಂದಿದ್ಲು ಅಂತ ನಲವತ್ತು ಸಾವಿರ ಕೊಡ್ತೀಯಾ? ಅದೂ ಮೊಟ್ಟೆ ಸ್ಯಾಂಡ್‌ವಿಚ್."

ಕಾರ್ಲಾ ಮರುದಿನವೇ ವರ್ಗಾವಣೆ ಕೋರಿದರು. ಹಣವು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕೋರಿಕೆ ಫ್ಯಾಕ್ಸ್ ಮೂಲಕ ಬರಬೇಕು. ನಮ್ಮ ಫ್ಯಾಕ್ಸ್ ಯಂತ್ರವು ವೆಚ್ಚ ಕಡಿತದ ಅಂಗವಾಗಿ ಮುಚ್ಚಲಾದ ಶಾಖೆಯಲ್ಲಿದೆ; ಅದು ಈಗಲೂ ಚಾಲನೆಯಲ್ಲಿದ್ದು ಬಂದ ಕೋರಿಕೆಗಳನ್ನೆಲ್ಲ ತಪ್ಪದೆ ಸ್ವೀಕರಿಸುತ್ತಿದೆ. ಸ್ವೀಕರಿಸಿಲ್ಲ ಎಂಬ ದೂರು ಇದುವರೆಗೆ ಸಂಘಕ್ಕೆ ತಲುಪಿಲ್ಲ, ಏಕೆಂದರೆ ದೂರುಗಳನ್ನೂ ಫ್ಯಾಕ್ಸ್ ಮೂಲಕವೇ ಸಲ್ಲಿಸಬೇಕು.

ಮುಂದಿನ ಹಂತ ಸಮತೋಲನದ್ದು. ನಾಲ್ಕು ನಿಧಿಗಳು ತಮ್ಮ ಸಮತೋಲನವನ್ನು ತಾವೇ ಕಾಯ್ದುಕೊಳ್ಳುತ್ತಿದ್ದರೂ ಅವುಗಳಿಗೂ ಸ್ಥಳೀಯ ನಿಧಿಗೂ ನಡುವಣ ಸಮತೋಲನವನ್ನು ನಾವು ಕಾಯಬೇಕಾಯಿತು. ಆ ವರ್ಷ ಜಗತ್ತಿನ ಷೇರುಪೇಟೆಗಳು ಏರಿದವು. ಏರಿದ್ದನ್ನು ಮಾರಿ ಸ್ಥಳೀಯ ನಿಧಿಗೆ ಹಾಕಿದೆವು. ಸ್ಥಳೀಯ ನಿಧಿ ಇಳಿಯಿತು. ಇಳಿದದ್ದನ್ನು ತುಂಬಲು ಇನ್ನಷ್ಟು ಮಾರಿ ಹಾಕಿದೆವು. ಪ್ರತಿ ಸಲವೂ ಸಮತೋಲನ ಶುಲ್ಕ ತೆಗೆದುಕೊಂಡೆವು. ಬೇಸಿಗೆ ಮುಗಿಯುವಷ್ಟರಲ್ಲಿ ಕಾರ್ಲಾ ಅವರ ಬಳಿ ಜಗತ್ತು ಎಂಬುದು ಬಹುಮಟ್ಟಿಗೆ ಉಳಿದಿರಲಿಲ್ಲ. ಸ್ಪ್ರೂಸ್ ಲ್ಯಾಂಡಿಂಗ್ ಇತ್ತು.

ಇಷ್ಟು ಹಣ ಸೇರಿದ ಮೇಲೆ ಸ್ಥಳೀಯ ನಿಧಿ ಅದನ್ನು ಸ್ಥಳೀಯವಾಗಿ ಎಲ್ಲಾದರೂ ತೊಡಗಿಸಲೇಬೇಕಾಯಿತು. ಹಾಕಿ ಅಂಗಳವನ್ನು ಆಧುನೀಕರಿಸಲು ಪುರಸಭೆಗೆ ಸಾಲ ಬೇಕಾಗಿತ್ತು. ಚಾಲಕರಿಲ್ಲದೆ ತಾನೇ ಓಡಾಡಿ ಮಂಜಿನ ನೆಲವನ್ನು ನುಣುಪು ಮಾಡುವ ಹೊಸ ಯಂತ್ರ ಮಾರುಕಟ್ಟೆಗೆ ಬಂದಿದ್ದು, ಅದು ಈ ಭಾಗದಲ್ಲಿ ಮೆಕೆಕರ್ನ್ ಅವರ ಮಳಿಗೆಯಲ್ಲಿ ಮಾತ್ರ ದೊರೆಯುತ್ತಿತ್ತು. ಸ್ವಹಿತಾಸಕ್ತಿಯ ಪ್ರಶ್ನೆ ಏಳಬಾರದೆಂದು ಅವರು ಮತದಾನಕ್ಕೆ ಮುನ್ನ ಕೊಠಡಿಯಿಂದ ಹೊರನಡೆದು, ಬಾಗಿಲಲ್ಲಿ ನಿಂತು ಕೈ ಎತ್ತಿದರು. ಸಾಲ ಮಂಜೂರಾಯಿತು. ಅವರ ಪ್ರಾಮಾಣಿಕತೆಯನ್ನು ನಡಾವಳಿಯಲ್ಲಿ ಶ್ಲಾಘಿಸಲಾಗಿದೆ.

ಸೆಪ್ಟೆಂಬರಿನಲ್ಲಿ ಪುರಸಭೆಯು ಕಾರ್ಲಾ ಅವರನ್ನು ಎರಡು ವಾರಗಳ ಮಟ್ಟಿಗೆ ಕರೆಸಿಕೊಂಡಿತು. ಹೊಸ ಯಂತ್ರಕ್ಕೆ ಅಂಗಳದ ಮೂಲೆಗಳನ್ನು, ಗೋಲಿನ ಹಿಂದೆ ಮಂಜು ಯಾವಾಗಲೂ ಗುಳಿ ಬೀಳುವ ಜಾಗವನ್ನು ಪರಿಚಯಿಸಬೇಕಾಗಿತ್ತು. ಆಕೆ ಪರಿಚಯಿಸಿದರು. ಅನಂತರ ಪುರಸಭೆ ಆಕೆಯನ್ನು ನೇಮಿಸಿಕೊಳ್ಳಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ, ಏಕೆಂದರೆ ಆಕೆ ಕೆಲಸದಲ್ಲಿ ಇರಲಿಲ್ಲ.

ಆಕೆ ಕಚೇರಿಗೆ ಬಂದು ಬ್ರೆಂಡಾ ಅವರ ಎದುರು ಕುಳಿತರು. ಬ್ರೆಂಡಾ ಬಟರ್ ಟಾರ್ಟ್ ಎಂಬ ಸಿಹಿತಿನಿಸು ಇದ್ದ ಡಬ್ಬಿಯನ್ನು ಮುಂದೆ ಸರಿಸಿದರು.

"ನನ್ನ ದುಡ್ಡಲ್ಲೇ ಆ ಮೆಷೀನ್ ತಂದ್ರಾ?"

"ನಿನ್ನೊಬ್ಬಳದ್ದೇ ಅಲ್ಲಮ್ಮಾ, ನಿಂದೇ ಜಾಸ್ತಿ ಅಷ್ಟೆ. ಹೆಮ್ಮೆ ಪಡಬೇಕು ನೀನು."

"ಕೆಲಸ ಹೋಯ್ತಲ್ಲ ಬ್ರೆಂಡಾ."

"ಹೋಗಿಲ್ಲ. ನಿವೃತ್ತಿ ಆಗಿದೆ." ಬ್ರೆಂಡಾ ಕಡತ ತೆರೆದು ಮೊದಲ ಪುಟ ತೋರಿಸಿದರು. "ಹೂಡಿಕೆಯ ಉದ್ದೇಶ ಏನು ಅಂತ ಕೇಳಿದ್ದಕ್ಕೆ ನೀನೇ ನಿವೃತ್ತಿ ಅಂತ ಬರ್ದಿದ್ದೀಯ ನೋಡು. ಬೇರೆಯವರಿಗೆ ಇಪ್ಪತ್ತೈದು ವರ್ಷ ಹಿಡಿಯತ್ತೆ. ನಿಂಗೆ ಏಳು ತಿಂಗಳಲ್ಲಿ ಮಾಡಿಕೊಟ್ವಿ."

ಕಾರ್ಲಾ ಕಡತವನ್ನು ಮುಚ್ಚಿ ಬ್ರೆಂಡಾ ಅವರತ್ತ ಸರಿಸಿದರು. "ಹಾಗಿದ್ರೆ ದುಡ್ಡು ಕೊಡಿ."

"ಅದು ಅರವತ್ತೈದಕ್ಕೆ."

ಹಣ ಅರವತ್ತೈದರಲ್ಲಿ ಸಿಗುತ್ತದೆ. ನಿವೃತ್ತಿ ಮೂವತ್ತೆಂಟರಲ್ಲೇ ಸಿಕ್ಕಿದೆ. ಎರಡನ್ನೂ ಒಂದೇ ದಿನ ಕೊಡುವ ಭರವಸೆಯನ್ನು ಸಂಘವು ಎಂದೂ ನೀಡಿರಲಿಲ್ಲ.

ಮರುವರ್ಷದ ಏಪ್ರಿಲ್ ತಿಂಗಳ ವಾರ್ಷಿಕ ಮಹಾಸಭೆಯಲ್ಲಿ ಸಂಘದ ಅಧ್ಯಕ್ಷರು ಈ ಕೆಳಗಿನ ಪ್ರಕಟಣೆಯನ್ನು ಓದಿದರು:

'ಸದಸ್ಯರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಉತ್ತರ ದಡ ಸ್ಥಳೀಯ ಸಮತೋಲನ ನಿಧಿಯು ತನ್ನ ಮೊದಲ ವರ್ಷದಲ್ಲೇ ಒಬ್ಬ ಸದಸ್ಯೆಯನ್ನು ಸಂಪೂರ್ಣವಾಗಿ ನಿವೃತ್ತಗೊಳಿಸಿದೆ. ದೇಶದ ಯಾವ ಆಲ್-ಇನ್-ಒನ್ ನಿಧಿಯೂ ಇಷ್ಟು ಶೀಘ್ರ ಫಲ ನೀಡಿದ ಉದಾಹರಣೆ ಸಂಘದ ಗಮನಕ್ಕೆ ಬಂದಿಲ್ಲ. ಆದ್ದರಿಂದ ಹೊಸದಾಗಿ ಹೂಡಿಕೆ ಮಾಡುವ ಎಲ್ಲ ಸದಸ್ಯರಿಗೂ ಇದನ್ನೇ ಕಡ್ಡಾಯಗೊಳಿಸತಕ್ಕದ್ದು.'

ನಿರ್ಣಯವನ್ನು ಅನುಮೋದಿಸಲು ಒಬ್ಬರು ಬೇಕಾಗಿತ್ತು. ಸಭಾಂಗಣದಲ್ಲಿ ಯಾರೂ ಕೈ ಎತ್ತಲಿಲ್ಲ. ವಿರೋಧದಿಂದಲ್ಲ, ಬೇರೆಯವರಿಗೆ ಅವಕಾಶ ಬಿಟ್ಟುಕೊಡುವ ಸೌಜನ್ಯದಿಂದ. ಸಭೆಯ ನಂತರದ ಊಟದ ಸೂಪು ಆರುತ್ತಿತ್ತು. ಎಲ್ಲರೂ ನಯವಾಗಿ ಕಾರ್ಲಾ ಅವರತ್ತ ನೋಡಿದರು. ತನ್ನಿಂದಾಗಿ ಇಷ್ಟು ಜನ ಊಟಕ್ಕೆ ಕಾಯುವುದು ಆಕೆಗೂ ಸರಿಕಾಣಲಿಲ್ಲ. ಆಕೆ ಕೈ ಎತ್ತಿದರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಸೋಮವಾರ ಬೆಳಿಗ್ಗೆ ಕಚೇರಿಯ ಮುಂದೆ ಸರದಿ ರಸ್ತೆಯ ತಿರುವಿನವರೆಗೂ ಬೆಳೆದಿತ್ತು. ಅದರಲ್ಲಿ ಕಾಗದದ ಕಾರ್ಖಾನೆಯವರೇ ಹೆಚ್ಚು. ರೈಮೊ ಕೊಸ್ಕೆಲಾ ಟೋಪಿ ಕೈಯಲ್ಲಿ ಹಿಡಿದು ಬ್ರೆಂಡಾ ಅವರ ಎದುರು ಕುಳಿತ.

"ನಮ್ಮ ಕಾರ್ಖಾನೆಗೂ ಇಂಥದ್ದು ಮಾಡ್ತೀರಂತೆ, ಹೌದಾ?"

"ಸಾಲದ ಮಾತುಕತೆ ಆಗ್ತಾ ಇದೆ. ಹೊಸ ಮೆಷೀನುಗಳಿಗೆ."

"ಎಷ್ಟು ಜನಕ್ಕೆ ನಿವೃತ್ತಿ ಸಿಗಬಹುದು?"

"ನೀವೆಲ್ಲ ಹಾಕಿದ್ರೆ, ಎಲ್ರಿಗೂ."

ಹಿಂದೆ ನಿಂತಿದ್ದವರು ಸಹನೆಯಿಂದ ಕಾಯುತ್ತಿದ್ದರು. ಅವರನ್ನು ಕಾಯಿಸುವುದು ಚೆನ್ನಾಗಿರುವುದಿಲ್ಲ. ರೈಮೊ ಲೇಖನಿ ಕೇಳಿ ಪಡೆದು, ಎಲ್ಲಿ ಸಹಿ ಹಾಕಬೇಕೆಂದು ವಿಚಾರಿಸಿದ.