ನಿರೋಗಿ ಮಾವನ ಬಣ್ಣದ ನಾಲಿಗೆ

ರಾಮದುರ್ಗದ ನಮ್ಮ ಸೋದರಮಾವನ ನಾಲಿಗೆ ನೋಡಿದರೆ ಸಾಕು, ಮುಂದಿನ ವಾರ ಪೇಟೆಗೆ ಯಾವ ಬಣ್ಣದ ಸೀರೆ ಬರುತ್ತದೆಂದು ಹೇಳಬಹುದಿತ್ತು! ನೇಕಾರರ ಹೆಂಡಂದಿರು ಅವರನ್ನು ಮಾತಿಗೆಳೆಯುತ್ತಿದ್ದದ್ದೇ ಅದಕ್ಕೆ. ಮಾವ ಬಾಯಿ ತೆರೆದರೆ ಒಮ್ಮೆ ದಾಸವಾಳ, ಒಮ್ಮೆ ನೇರಳೆಹಣ್ಣು, ಒಮ್ಮೆ ಗಿಳಿಯ ರೆಕ್ಕೆ.

ಅವರದು ನೂಲಿಗೆ ಬಣ್ಣ ಹಾಕುವ ಕಸುಬು. ಕುದಿಯುವ ಬಣ್ಣದ ನೀರಿಗೆ ಉಪ್ಪು ಬೀಳಬೇಕು, ಇಲ್ಲವಾದರೆ ಬಣ್ಣ ನೂಲಿಗೆ ಹತ್ತುವುದಿಲ್ಲ. ಉಪ್ಪು ಸಾಕಾಯಿತೋ ಇಲ್ಲವೋ ತಿಳಿಯುವುದು ಹೇಗೆ? ಉಳಿದವರು ಅಳೆದು ಹಾಕುತ್ತಿದ್ದರು. ನಮ್ಮ ಮಾವ ಕೋಲಿನ ತುದಿಯಿಂದ ಒಂದು ಹನಿ ಬೆರಳಿಗೆ ಬಿಟ್ಟುಕೊಂಡು, ಊದಿ, ನೆಕ್ಕುತ್ತಿದ್ದರು!

"ನಿಮ್ಮತ್ತಿ ಸಾರಿನ ಉಪ್ಪು ನೋಡೂದಿಲ್ಲೇನು? ಹಂಗ ನಾನೂ," ಎನ್ನುತ್ತಿದ್ದರು.

ಒಳಗಿನಿಂದ ಅತ್ತೆಯ ದನಿ: "ನನ್ನ ಸಾರು ಉಂಡವ್ರು ಇನ್ನೂ ಬದುಕ್ಯಾರ. ನಿಮ್ಮ ಸಾರು ಯಾರರ ಉಂಡಾರೇನು?"

ಇಂಥ ಮನೆಯಿಂದ ಧಾರವಾಡಕ್ಕೆ ಹೋಗಿ ಸಂಖ್ಯಾಶಾಸ್ತ್ರ ಓದಿ ಬಂದವಳು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ವೈದ್ಯಕೀಯ ಕಾಲೇಜಿನವರ ಸಂಶೋಧನೆಯಲ್ಲಿ ಕೆಲಸ ಸಿಕ್ಕಿತು. ಯಾವ ಚಟದಿಂದ, ಯಾವ ಕಸುಬಿನಿಂದ ಕ್ಯಾನ್ಸರ್ ಬರುವ ಸಂಭವ ಹೆಚ್ಚು ಎಂದು ತಿಳಿಯುವ ಸಂಶೋಧನೆ. ರೋಗ ಬಂದವರನ್ನು ಕೇಳುವುದು: ಏನು ತಿನ್ನುತ್ತೀರಿ, ಏನು ಸೇದುತ್ತೀರಿ, ಹೊಲಕ್ಕೆ ಏನು ಸಿಂಪಡಿಸುತ್ತೀರಿ, ಒಲೆಯ ಹೊಗೆ ಎಲ್ಲಿ ಹೋಗುತ್ತದೆ? ಆಮೇಲೆ ಅದೇ ಓಣಿಯ, ಅದೇ ವಯಸ್ಸಿನ, ರೋಗವಿಲ್ಲದ ಒಬ್ಬರನ್ನು ಹುಡುಕಿ ಅವೇ ಪ್ರಶ್ನೆಗಳನ್ನು ಕೇಳುವುದು. ಎರಡನ್ನೂ ಹೋಲಿಸಿದರೆ ವ್ಯತ್ಯಾಸ ಎಲ್ಲಿದೆಯೆಂದು ತಿಳಿಯುತ್ತದೆ.

ಮಾವನ ಓಣಿಯಲ್ಲಿ ನೇಕಾರರೊಬ್ಬರಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಅವರಿಗೆ ಜೋಡಿಯಾಗಿ ರೋಗವಿಲ್ಲದವರನ್ನು ಆರಿಸುವಾಗ ಹೆಸರು ಬಂದದ್ದು ಯಾರದು? ನಮ್ಮ ಮಾವನದೇ!

ಸುದ್ದಿ ಮುಟ್ಟಿದ್ದೇ ತಡ, ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕ್ಷೌರದ ಅಂಗಡಿಯಲ್ಲಿ, ಚಹಾದಂಗಡಿಯಲ್ಲಿ, ಸುರೇಬಾನದ ಬಸ್ಸಿನಲ್ಲಿ ಒಂದೇ ಮಾತು: "ಇಡೀ ಊರಾಗ ನನ್ನ ಆರಿಸ್ಯಾರ. ನಿರೋಗಿ ಅಂತ!"

"ಮಾವಾ, ಅದೇನ್ ಬಹುಮಾನ ಅಲ್ರಿ," ಎಂದೆ. "ರೋಗ ಇದ್ದವ್ರ ಜೋಡಿ ಹೋಲಿಸಾಕ ರೋಗ ಇಲ್ಲದವ್ರು ಬೇಕು, ಅಷ್ಟ."

"ಅದನ್ನ ನಾ ಹೇಳಾಕತ್ತೇನಿ. ತಕ್ಕಡ್ಯಾಗ ಒಂದ್ ಕಡೆ ಕಲ್ಲು ಬೇಕಿಲ್ಲೇನು? ಆ ಕಲ್ಲು ನಾನು!"

ಕಲ್ಲು ಸ್ವಚ್ಛವಾಗಿರಬೇಡವೇ? ನಾವು ಬರುವ ವಾರವಿಡೀ ಮಾವ ಬಣ್ಣದ ಹಂಡೆ ಇಳಿಸಿಟ್ಟರು. ನೇಕಾರರು ನೂಲಿಗಾಗಿ ಬಾಗಿಲಿಗೆ ಬಂದು ಬೈದು ಹೋದರು. ಮಾವ ಮಾತ್ರ ಹುಣಸೆಹಣ್ಣು, ಉಪ್ಪು, ಬೇವಿನಕಡ್ಡಿ ಹಿಡಿದು ನಾಲಿಗೆ ತಿಕ್ಕುತ್ತ ಕುಳಿತರು. ಕಲಶವನ್ನೂ ಯಾರೂ ಅಷ್ಟು ತಿಕ್ಕಿರಲಾರರು!

ಆ ದಿನ ಬಂತು. ನನ್ನ ಸ್ವಂತ ಮಾವನಾದ್ದರಿಂದ ನಾನು ಸುಮ್ಮನೆ ಕುಳಿತೆ, ನನ್ನ ಸಹೋದ್ಯೋಗಿ ಕೇಳಿದ. ಮಾವ ಜರಿಯಂಚಿನ ಧೋತರ, ಹಳದಿ ರುಮಾಲು ಸುತ್ತಿಕೊಂಡು ಮದುಮಗನಂತೆ ಕುಳಿತಿದ್ದರು.

"ತಂಬಾಕು ತಿಂತೀರೇನ್ರಿ?"

"ಛೇ ಛೇ, ಇಲ್ರಿ!"

ಒಳಗಿನಿಂದ ಅತ್ತೆ: "ಖರೇ ಐತ್ರಿ, ತಿನ್ನೂದಿಲ್ಲ. ದವಡ್ಯಾಗ ಇಟ್ಕೊಂಡು ಮಲಗತಾರ!"

"ಇಟ್ಕೊಳ್ಳೂದು ಬ್ಯಾರೆ, ತಿನ್ನೂದು ಬ್ಯಾರೆ! ಸಾಲಿ ಕಲತವ್ರಿಗೆ ಅಷ್ಟೂ ತಿಳಿಯೂದಿಲ್ಲೇನು?"

ನಾವೆಲ್ಲ ನಕ್ಕೆವು. ಕೊನೆಗೆ ನಮ್ಮ ಜೊತೆಗಿದ್ದ ಡಾಕ್ಟರಮ್ಮ ಬ್ಯಾಟರಿ ತೆಗೆದು, "ಬಾಯಿ ತಗೀರಿ ಯಜಮಾನ್ರ," ಎಂದರು. ಮಾವ ವಸ್ತುಪ್ರದರ್ಶನದ ಬಾಗಿಲು ತೆರೆದಂತೆ ತೆರೆದರು. ಡಾಕ್ಟರಮ್ಮ ನಾಲಿಗೆಯನ್ನು ಪಕ್ಕಕ್ಕೆ ಸರಿಸಿದರು. ಅರಿವೆಯಿಂದ ಒರೆಸಿದರು. ಮತ್ತೆ ಒರೆಸಿದರು. ನಾನೂ ಬಗ್ಗಿ ನೋಡಿದೆ. ನಾಲಿಗೆಯ ಅಂಚಿನಲ್ಲಿ ಸುಣ್ಣ ಬಳಿದಂಥ ಒಂದು ಮಚ್ಚೆ. ಒರೆಸಿದರೆ ಹೋಗುತ್ತಿಲ್ಲ.

"ಬಣ್ಣ ಉಳಿದಿರಬೇಕ್ರಿ," ಎಂದರು ಮಾವ.

"ಬಣ್ಣ ಇಲ್ಲದ್ದಕ್ಕ ಕಂಡೈತ್ರಿ."

ನನ್ನ ನಗು ಬಾಯಲ್ಲೇ ಒಣಗಿತು. ಅಂಥ ಮಚ್ಚೆ ಏನಾಗಬಹುದು ಎಂದು ಕಂಡು ಬಂದಿದ್ದವಳು ನಾನು. ಇಷ್ಟು ವರ್ಷಗಳಾದರೂ ಸವದತ್ತಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟಾಗ ಆ ಗಳಿಗೆ ಎದುರಿಗೆ ಬಂದು ನಿಲ್ಲುತ್ತದೆ. ಮಾವನಿಗೆ ಆ ಜಂಬ ಇರದಿದ್ದರೆ? ಹಂಡೆ ಇಳಿಸದೆ ಎಂದಿನಂತೆ ಕೆಂಪು ನಾಲಿಗೆಯಲ್ಲೇ ಕುಳಿತಿದ್ದರೆ? ನಾವು ನಕ್ಕು, ಚಹಾ ಕುಡಿದು, 'ನಿರೋಗಿ' ಎಂದು ಬರೆದುಕೊಂಡು ಎದ್ದು ಬರುತ್ತಿದ್ದೆವು. ಸೀಟಿನ ಕಂಬಿ ಹಿಡಿದುಕೊಳ್ಳುತ್ತೇನೆ.

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ನಾಲಿಗೆಯ ಅಂಚು ಕತ್ತರಿಸಿದರು. ಪರೀಕ್ಷೆಯ ವರದಿ ಬರುವವರೆಗೆ ಅತ್ತೆ ಎರಡು ತುತ್ತು ಉಂಡಳೋ ಇಲ್ಲವೋ. ಮಾವ ಮಾತಾಡುವಂತಿರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಅತ್ತೆಯ ಮಾತನ್ನು ಕೊನೆಯವರೆಗೆ ಕೇಳಿದ್ದು ಆಗಲೇ ಇರಬೇಕು! ವರದಿ ಬಂತು: ಕ್ಯಾನ್ಸರೇ ಹೌದು, ಆದರೆ ಈಗಷ್ಟೇ ಮೊಳಕೆ. ಬೇರು ಬಿಡುವ ಮೊದಲೇ ಕಿತ್ತಾಗಿದೆ.

ಮನೆಗೆ ಬಂದ ಮೇಲೆ ಅತ್ತೆ ತಿಳಿಸಾರು ಮಾಡಿ ಚಮಚದಿಂದ ಕುಡಿಸಿದಳು. ಮಾವ ಚಪ್ಪರಿಸಿದರು, ಹುಬ್ಬು ಗಂಟಿಕ್ಕಿದರು, ತೊದಲುತ್ತ ಮೊದಲ ಮಾತು ಆಡಿದರು: "ಉಪ್ಪು... ಕಡಿಮಿ ಐತಿ."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಉಪ್ಪು ತರಲು ಓಡಿದಳು. ಗೆದ್ದೆವು!

ಗೆದ್ದ ಮಾವ ಸುಮ್ಮನಿರುವ ಕುಳವೇ? ತಂಬಾಕಿನ ಚೀಲ ಒಲೆಗೆ ಹೋಯಿತು. ಬಣ್ಣದ ಉಪ್ಪನ್ನು ಅಳೆದು ಹಾಕುವ ಪದ್ಧತಿ ಬಂತು. "ತಕ್ಕಡಿ ಕಲ್ಲ ಸವದಿತ್ತು ನೋಡ್ರಿ!" ಎಂದು ತಮ್ಮ ಕಥೆಯನ್ನು ತಾವೇ ಸಾರುತ್ತ, ಒಂದು ಬ್ಯಾಟರಿ ಕೊಂಡು ಜೇಬಿಗಿಟ್ಟುಕೊಂಡರು. ಅಂಗಡಿಗಳ ಮುಂದೆ ಗುಟ್ಕಾ ಪೊಟ್ಟಣಗಳು ತೋರಣದಂತೆ ತೂಗುತ್ತಿದ್ದ ಕಾಲ ಅದು. ಅಲ್ಲಿ ನಿಂತವರ ಮುಂದೆ ಮಾವ ಪ್ರತ್ಯಕ್ಷ: "ಬಾಯಿ ತಗೀರಿ!" ಸಾಲ ವಸೂಲಿಯವರಿಗೂ ಜನ ಅಷ್ಟು ಹೆದರಿರಲಿಲ್ಲ.

ಸವದತ್ತಿಯಲ್ಲಿ ಬೀಗರ ಮನೆಯ ನಿಶ್ಚಿತಾರ್ಥ. ಹಿರಿಯರು ವರನ ಓದು, ಹೊಲ ವಿಚಾರಿಸುತ್ತಿದ್ದರು. ಮಾವ ನಡುವೆ ನುಗ್ಗಿದರು: "ಅದೆಲ್ಲಾ ಆಮ್ಯಾಲ. ಮೊದಲ ಬಾಯಿ ತಗಿಯಪ್ಪಾ." ಬ್ಯಾಟರಿ ಕಂಡ ವರ ಗಾಬರಿಯಾಗಿ, ಬಾಯಲ್ಲಿದ್ದ ಗುಟ್ಕಾ ಗುಳುಂ ಎಂದು ನುಂಗಿದ! ಶಾಸ್ತ್ರ ಮುಗಿಯುವವರೆಗೂ ಬಿಕ್ಕಳಿಕೆ. ಗುಟ್ಕಾ ಬಿಟ್ಟರೆ ಮಾತ್ರ ಮದುವೆ ಎಂದಳು ಹುಡುಗಿ. ಬಿಟ್ಟ, ಮದುವೆಯೂ ಆಯಿತು. ಈಗಲೂ ಅವನು ಮಾವನನ್ನು ಕಂಡರೆ ನಮಸ್ಕಾರಕ್ಕಿಂತ ಮೊದಲು ಬಾಯಿ ತೆರೆಯುತ್ತಾನೆ.

ಮೊನ್ನೆ ರಾಮದುರ್ಗಕ್ಕೆ ಹೋದಾಗ ಹೊರಡುವ ಹೊತ್ತಿಗೆ ಮಾವ ಬಾಗಿಲಿಗೆ ಅಡ್ಡ ನಿಂತರು.

"ಊರ ಮಂದಿ ಬಾಯೆಲ್ಲಾ ನೋಡ್ಕೋತ ತಿರಗತೀಯಲ್ಲ, ನಿಂದು ಯಾರ್ ನೋಡ್ಯಾರ?"

"ನಾ ಏನೂ ತಿನ್ನೂದಿಲ್ಲ ಮಾವಾ. ನನಗೇನಾಗೇತ್ರಿ?"

"ನಾನೂ ನಿರೋಗಿನ ಇದ್ನಿ. ತಗಿ ಬಾಯಿ."

ತೆರೆದೆ. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಉಳಿದ ಕೈ ನನ್ನ ಗದ್ದ ಹಿಡಿಯಿತು. ನಾಲಿಗೆಯ ಈ ಅಂಚು, ಆ ಅಂಚು, ದವಡೆ, ಮತ್ತೆ ಅಂಚು. ಬಸ್ಸಿನ ಹಾರ್ನ್ ಕೇಳಿದರೂ ಬಿಡಲಿಲ್ಲ. ಕೊನೆಗೆ ಬ್ಯಾಟರಿ ಆರಿಸಿ, ನನ್ನ ಕೆನ್ನೆ ಮೆಲ್ಲಗೆ ತಟ್ಟಿದರು.

"ಎಳೀ ಗುಲಾಬಿ ಐತಿ," ಎಂದರು. "ಇಂಥಾ ಬಣ್ಣ ನನ್ನ ಕೈಲೆ ಒಮ್ಮೆನೂ ಬರಲಿಲ್ಲ ನೋಡ ಯವ್ವಾ."