ನನ್ನ ಕಾಮಿಕ್‌ಗೆ ಅಪ್ಪ ನಗಲಿಲ್ಲ

ಕಾಮಿಕ್ ಬರೆಯುವವನಿಗೆ ನಗಿಸುವ ಕೆಲಸ ತನ್ನದು ಎಂಬ ಭ್ರಮೆ ಇರುತ್ತದೆ. ನಮ್ಮ ಬನಹಟ್ಟಿಯಲ್ಲಿ ಆ ಕೆಲಸವನ್ನು ಓದುಗರೇ ಮಾಡಿ ಮುಗಿಸುತ್ತಾರೆ. ಜಮಖಂಡಿಯ ಆಫೀಸಿನಿಂದ ಬಂದು ಮೊಬೈಲಿನಲ್ಲೇ ಚಿತ್ರ ಬಿಡಿಸಿ, ವಾರಕ್ಕೊಂದು ನೆಟ್‌ಗೆ ಹಾಕತೊಡಗಿದ್ದೇನೆ. ಆಸೆ ಒಂದೇ: ಮಗ್ಗದವರಿಗೆ ಸೀರೆಯ ವಿನ್ಯಾಸದ ನಕಾಶೆ ಬಿಡಿಸುತ್ತಲೇ ಮುಪ್ಪಾದ ನನ್ನಪ್ಪ ಅದನ್ನು ನೋಡಿ ಒಮ್ಮೆ ನಗಬೇಕು.

ಹಳದಿ ಸೀರೆ

ಪಕ್ಕದ ಮನೆಯ ಕಾಕುವನ್ನು ನೋಡಿಯೇ ಒಂದು ಜಗಳಗಂಟಿ ಪಾತ್ರ ಮಾಡಿದ್ದೆ. ಒಂದು ದಿನ ಅವರು ಫೋನು ಹಿಡಿದು ಬಾಗಿಲಿಗೇ ಬಂದರು.

"ಏನಲೇ, ಇಕಿ ನಾನ ಹೌದಲ್ಲೋ?"

"ಅಲ್ರೀ ಕಾಕು, ಸುಮ್ನ..."

"ಸುಳ್ಳ ಹೇಳಬ್ಯಾಡ. ಜಗಳಗಂಟಿ ಮಾಡು, ಬ್ಯಾಡನ್ನೂದಿಲ್ಲ. ಆದ್ರ ವಾರಾ ವಾರಾ ಅದ ಹಳದಿ ಸೀರಿ ಉಡಸ್ತಿಯಲ್ಲ! ನೇಕಾರರ ಓಣ್ಯಾಗ ನನ್ನ ಮಾನ ಏನ ಉಳೀತು?"

ಈಗ ಪ್ರತಿ ವಾರ ಅವರೇ ಸೀರೆ ಆರಿಸಿ ಫೋಟೋ ಕಳಿಸುತ್ತಾರೆ.

ತೂಕಡಿಸುವ ಸಾಹೇಬ

ಕುರ್ಚಿಯಲ್ಲೇ ತೂಕಡಿಸುವ ಸಾಹೇಬನೊಬ್ಬನನ್ನು ಬಿಡಿಸಿದೆ. ನಮ್ಮ ಸಾಹೇಬರು ನೋಡಿ ಬಿದ್ದು ಬಿದ್ದು ನಕ್ಕು, "ಥೇಟ್ ಮುಧೋಳ ಬ್ರಾಂಚಿನಂವ!" ಎಂದು ಮುಧೋಳದ ಸಾಹೇಬರಿಗೇ ಕಳಿಸಿದರು. ಅವರು "ಇಂವ ಬೀಳಗಿಯಂವ" ಎಂದು ಬೀಳಗಿಗೆ ದಾಟಿಸಿದರು. ಬೀಳಗಿಯಿಂದ ಸಂಜೆಯ ತನಕ ಉತ್ತರವಿಲ್ಲ. ಅಲ್ಲಿಯವರು ಮಲಗಿದ್ದರಂತೆ.

ಅಪ್ಪ

ಊರೆಲ್ಲ ನಕ್ಕರೂ ಅಪ್ಪ ನಗುತ್ತಿರಲಿಲ್ಲ. ನನಗೆ ಅದು ಚುಚ್ಚುತ್ತಿತ್ತು. ಒಮ್ಮೆ ಹಟ ಹಿಡಿದು ಒಂದು ಕಾಮಿಕ್ ತೋರಿಸಿದೆ: ಒಂದರ ಕೆಳಗೊಂದು ಮೂರು ಚಿತ್ರ. ಹಿಪ್ಪರಗಿ ದಾರಿಯಲ್ಲಿ ಒಬ್ಬ ಬೈಕಿನ ಮೇಲೆ ಬರುತ್ತಾನೆ, ಮುಂದಿನ ಟ್ರ್ಯಾಕ್ಟರಿನಿಂದ ಕಬ್ಬು ಕೀಳುತ್ತಾನೆ, ಕೆಳಗಿನ ಕೊನೆಯ ಚಿತ್ರದಲ್ಲಿ ಕಬ್ಬಿನ ಸಮೇತ ಕೆಸರಿಗೆ ಬೀಳುತ್ತಾನೆ.

ಅಪ್ಪ ಕನ್ನಡಕ ಏರಿಸಿ ನೋಡಿದರು. "ಕೆಸರಾಗ ಬಿದ್ದಾಂವ ಎದ್ದ. ಕಬ್ಬ ತಿರುಗಿ ಟ್ರ್ಯಾಕ್ಟರಿಗೆ ಇಟ್ಟ. ಬೈಕ ಹತ್ತಿ ಹೋದ. ಛಲೋ ಮನಷಾ ಅದಾನ. ಇದರಾಗ ನಗೂದೇನೈತಿ?"

"ಅಪ್ಪಾ, ಕೆಳಗಿಂದ್ಯಾಕ ನೋಡಾಕತ್ತಿ?"

"ಮತ್ತ? ನಕಾಶಿ ಎಲ್ಲಿಂದ ನೋಡ್ತಾರಲೇ? ನೇಯ್ಗಿ ಕೆಳಗಿಂದ ಮ್ಯಾಲ ಏರತೈತಿ!"

ಅಂದರೆ ಇಷ್ಟು ದಿನ ನನ್ನ ಕಾಮಿಕ್ಕಿನ ಕಳ್ಳರೆಲ್ಲ ಅಪ್ಪನ ಕಣ್ಣಿಗೆ ಸಜ್ಜನರಾಗಿದ್ದರು! ಚಿತ್ರಗಳನ್ನು ಕೆಳಗಿಂದ ಮೇಲಕ್ಕೆ ಜೋಡಿಸಿ ಮತ್ತೆ ಕೊಟ್ಟೆ. ಅಪ್ಪನ ಬೆರಳು ಏರುತ್ತಾ ಹೋಯಿತು. "ಅಯ್ಯ, ಕಬ್ಬ ಕದ್ದ... ಬಿದ್ದ ನೋಡ, ಮಗಾ!" ಕೆಮ್ಮು ಬರುವ ತನಕ ನಕ್ಕರು. ನನಗೆ ಕಣ್ಣು ತುಂಬಿ ಬಂತು.

ಖುಷಿಯಲ್ಲಿ ಅದನ್ನೇ ನೆಟ್‌ಗೆ ಹಾಕಿಬಿಟ್ಟೆ. "ತಲೆಕೆಳಗಾಗಿದೆ, ಸರಿಮಾಡಿ" ಎಂದು ಓದುಗರು ಒಬ್ಬರಾದ ಮೇಲೊಬ್ಬರು ನನ್ನನ್ನು ಬೈದರು. ಅಪ್ಪನಿಗೆ ಓದಿ ಹೇಳಿದೆ.

ಅಪ್ಪ ಗಂಭೀರವಾಗಿ ಹೇಳಿದರು: "ಪಾಪ, ಬೈಬ್ಯಾಡ ಅವರಿಗೆ. ಮಗ್ಗ ನೋಡಿಲ್ಲ, ಓದಾಕ ಎಲ್ಲಿ ಬರಬೇಕು?"